ಇಂದಿನ ಧಮ್ಮ ಚಿಂತನೆ: ರಕ್ತ ಕೊಡದೆ ಮರಳಿದ ದಾನಿ



ಏಪ್ರಿಲ್ 14ರಂದು ನಮ್ಮ ಬಡಾವಣೆಯಲ್ಲಿ ರಕ್ತದಾನ ಶಿಬಿರ ಇತ್ತು. "ಸೂಜಿಯಿಂದ ಏಡ್ಸ್ ಬರುತ್ತಂತೆ" ಎಂದು ಕೆಲವರು ಬಾಗಿಲಲ್ಲೇ ನಿಂತರು. ಅಂತೆಕಂತೆ ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ತಥಾಗತರು ಕಾಲಾಮರಿಗೆ ಹೇಳಿದ್ದನ್ನು ನೆನಪಿಸಿ ಸೂಜಿಯ ಪೊಟ್ಟಣ ತೋರಿಸಿದೆವು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಚೀಲ. ಆ ಭಯ ಅಲ್ಲಿಗೆ ಮುಗಿಯಿತು.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದಿನ ವಾರವಷ್ಟೇ ಎದೆಯ ಮೇಲೆ ಬಾಬಾಸಾಹೇಬರ ಸಹಿಯ ಹಚ್ಚೆ ಹಾಕಿಸಿಕೊಂಡಿದ್ದ. ಅರ್ಜಿಯಲ್ಲಿ ಹಚ್ಚೆಯ ಬಗ್ಗೆ ಪ್ರಶ್ನೆ ಇತ್ತು. ಗೆಳೆಯರು "ಅಂಗಿಯೊಳಗೆ ಯಾರು ನೋಡ್ತಾರೆ, ಇಲ್ಲ ಅಂತ ಬರಿ" ಎಂದರು. ಅವನು ನನ್ನನ್ನು ಕೇಳಿದ: "ಸರ್, ಒಂದು ಸುಳ್ಳಿನಿಂದ ಒಂದು ಜೀವ ಉಳಿಯೋದಾದ್ರೆ ತಪ್ಪೇನು? ಹೇಗೂ ರಕ್ತ ಪರೀಕ್ಷೆ ಮಾಡ್ತಾರಲ್ವಾ?"

ಮಾಡುತ್ತಾರೆ ನಿಜ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಈ 5ಕ್ಕೂ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದು ಪರೀಕ್ಷೆಗೂ ಸಿಗುವುದಿಲ್ಲ. ಆ ದಿನಗಳಲ್ಲಿ ರೋಗಿಗೆ ಇರುವ ಕಾವಲು ದಾನಿಯ ನಿಜದ ಮಾತೊಂದೇ.

ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಮಾರುವುದು ನಿಷೇಧವಾಯಿತು. ದುಡ್ಡಿನ ಅಗತ್ಯ ಇದ್ದವರು ಕಾಯಿಲೆ ಮುಚ್ಚಿಡುವ ಅಪಾಯ ಇತ್ತು. ಅವರಿಗಾದರೂ ಹಸಿವಿನ ಕಾರಣವಿತ್ತು. ನಾವು ಮಾನಕ್ಕಾಗಿ ಮುಚ್ಚಿಟ್ಟರೆ? ಎರಡರ ಫಲವೂ ಹೋಗಿ ಸೇರುವುದು ರೋಗಿಯ ಮೈಯನ್ನೇ.

ಅವನು "ಹೌದು" ಎಂದು ಬರೆದ. ವರ್ಷ ಕಳೆದ ಮೇಲೆ ಬಾ ಎಂದರು. ಗೆಳೆಯರು ನಕ್ಕರು. ಅವನ ಮುಖ ಬಾಡಿತು.

ಬಂಧುಗಳೇ, "ಬೇಡ" ಎಂಬ ಮಾತು ನಮಗೆ ಬೇಗ ಚುಚ್ಚುತ್ತದೆ. ತಲೆಮಾರುಗಳಿಂದ ಅದನ್ನೇ ಕೇಳಿ ಬಂದವರು ನಾವು. ಆದರೆ ಇದು ಮೈಲಿಗೆಯ "ಬೇಡ" ಅಲ್ಲ. ಆ ಅರ್ಜಿ ಯಾವ ಜಾತಿ ಎಂದು ಕೇಳಲಿಲ್ಲ, ಹಚ್ಚೆ ಯಾವಾಗ ಎಂದಷ್ಟೇ ಕೇಳಿತು. ಮರಳಿ ಬಂದವರನ್ನು ನೋಡಿ ನಗುವ ಕಡೆ ಮುಂದಿನವನು ಸುಳ್ಳು ಬರೆಯುತ್ತಾನೆ. ಆ ಸುಳ್ಳಿನಲ್ಲಿ ನಕ್ಕವರಿಗೂ ಪಾಲಿದೆ.

10 ಪಾರಮಿಗಳಲ್ಲಿ ದಾನವೂ ಇದೆ, ಸತ್ಯವೂ ಇದೆ. ಸುಳ್ಳು ಹೇಳುವುದಿಲ್ಲ ಎಂಬುದು ನಾವು ಸ್ವೀಕರಿಸಿದ 22 ಪ್ರತಿಜ್ಞೆಗಳಲ್ಲಿ ಒಂದು. ಅಂದು ರಕ್ತ ಕೊಟ್ಟವರಿಗೆ ಹಣ್ಣಿನ ರಸ ಕೊಟ್ಟೆವು. ಅವನಿಗೂ ಒಂದು ಲೋಟ ಕೊಡಬೇಕಿತ್ತು, ನನಗೆ ಹೊಳೆಯಲಿಲ್ಲ. ಮುಂದಿನ ಶಿಬಿರದಲ್ಲಿ ಮರೆಯುವುದಿಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್.