ಸೋತ ಆಟದ ಮುಂದೆ ಒಂದು ಗಳಿಗೆ



ಶಾಲೆಗೆ ರಜೆ ಬಂತೆಂದರೆ ಊರೂರಲ್ಲಿ ಚೆಸ್ ಟೂರ್ನಿಗಳು. ಸಭಾಂಗಣದೊಳಗೆ ಮಕ್ಕಳು ತಲೆ ತಗ್ಗಿಸಿ ಆಡುತ್ತಿದ್ದರೆ, ಹೊರಗೆ ತಂದೆತಾಯಿಯರು ಬುತ್ತಿ ಹಿಡಿದು ಕಾಯುತ್ತಿರುತ್ತಾರೆ. ಮಗು ಹೊರಗೆ ಬಂದ ಕೂಡಲೇ ನಾವು ಕೇಳುವ ಮೊದಲ ಮಾತು ಯಾವುದು? "ಗೆದ್ದೆಯಾ?" ಮಗುವಿನ ಕಣ್ಣು ತುಂಬಿದ್ದರೆ ಎರಡನೆಯ ಮಾತೂ ಸಿದ್ಧ: "ಇಷ್ಟು ಹಣ ಸುರಿದು ಕಲಿಸಿದ್ದು ಇದಕ್ಕೇನಾ?" ಆ ಎರಡನೆಯ ಮಾತನ್ನು ಕುರಿತೇ ಇಂದು ನಿಮ್ಮೊಡನೆ ಚಿಂತಿಸಬೇಕೆಂದಿದ್ದೇನೆ.

ಚದುರಂಗಕ್ಕೂ ಧರ್ಮಸಭೆಗೂ ಏನು ನಂಟು ಎನ್ನುವಿರಾ? 1561ರಲ್ಲಿ ಈ ಆಟದ ಬಗ್ಗೆ ಹೆಸರಾಂತ ಪುಸ್ತಕ ಬರೆದ ರುಯ್ ಲೋಪೆಜ್ ಸ್ಪೇನ್ ದೇಶದ ಒಬ್ಬ ಗುರು. ಇಂದಿಗೂ ಆಟದ ಒಂದು ಆರಂಭ ಕ್ರಮಕ್ಕೆ ಅವರದೇ ಹೆಸರು. ಅದೇ ಕಾಲದ ಅವಿಲಾದ ಸಂತ ತೆರೇಸಾ ತಮ್ಮ ಮಠದ ಸಹೋದರಿಯರಿಗೆ ಪ್ರಾರ್ಥನೆಯನ್ನು ಕಲಿಸುವಾಗ ಚದುರಂಗದ ಹೋಲಿಕೆ ಕೊಟ್ಟರು. ನಾವು ಮಂತ್ರಿ ಎನ್ನುವ ಕಾಯಿಯನ್ನು ಯೂರೋಪಿನವರು ರಾಣಿ ಎನ್ನುತ್ತಾರೆ. ದೈವರಾಜನನ್ನು ಸೆರೆಹಿಡಿಯಬಲ್ಲ ಆ ರಾಣಿಯೇ ವಿನಯ ಎಂಬುದು ಸಂತರ ಬೋಧನೆ.

ಆಟದಲ್ಲಿ ಮುಂದೆ ಬರಲು ಬೇಕಾದದ್ದೂ ಈ ವಿನಯವೇ. ದೊಡ್ಡ ಟೂರ್ನಿಗಳಲ್ಲಿ ಆಟಗಾರನು ಪ್ರತಿಯೊಂದು ನಡೆಯನ್ನೂ ಹಾಳೆಯಲ್ಲಿ ಬರೆದಿಡಬೇಕು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ನಡೆಸಿದ್ದನ್ನು ಹಿಂದೆಗೆಯುವಂತಿಲ್ಲ. ಬಲ್ಲವರು ಏನು ಮಾಡುತ್ತಾರೆ? ಸೋತ ಆಟದ ಹಾಳೆಯನ್ನು ಹರಿದೆಸೆಯುವುದಿಲ್ಲ. ಮನಸ್ಸು ತಣ್ಣಗಾದ ಮೇಲೆ ಅದನ್ನು ಮುಂದಿಟ್ಟುಕೊಂಡು, ಎಲ್ಲಿ ಆತುರಪಟ್ಟೆ, ಎದುರಾಳಿಯ ಯಾವ ಸಂಚನ್ನು ಕಾಣದೆ ಹೋದೆ ಎಂದು ಮೊದಲು ತಾವೇ ಹುಡುಕುತ್ತಾರೆ. ಕಂಪ್ಯೂಟರನ್ನೋ ಕೋಚನ್ನೋ ಕೇಳುವುದು ಅನಂತರ. ನೂರು ಹೊಸ ಆಟ ಆಡಿದರೂ ಬಾರದ ಪಾಠ, ಸೋತ ಒಂದು ಆಟವನ್ನು ಪ್ರಾಮಾಣಿಕವಾಗಿ ನೋಡಿದರೆ ಬರುತ್ತದೆ.

ಪ್ರಿಯರೇ, ರಾತ್ರಿ ಮಲಗುವ ಮುನ್ನ ನಾವು ಮಾಡಬೇಕಾದ ಆತ್ಮಶೋಧನೆಯೂ ಇದೇ ಅಲ್ಲವೇ? ಆಡಿದ ಮಾತನ್ನು ಹಿಂದೆಗೆಯಲಾರೆವು. ಆದರೆ ಆ ದಿನದ ಹಾಳೆಯನ್ನು ದೇವರ ಮುಂದೆ ಬಿಚ್ಚಿ, ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಬಲ್ಲೆವು.

ಇನ್ನೊಂದು ಮಾತು. ನಮ್ಮ ಮಕ್ಕಳು ಆಡುವ ಟೂರ್ನಿಗಳು ಬಹುಮಟ್ಟಿಗೆ ಸ್ವಿಸ್ ಪದ್ಧತಿಯವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಮೊದಲು ಬಳಕೆಗೆ ಬಂದ ಈ ಕ್ರಮದಲ್ಲಿ ಸೋತವನನ್ನು ಮನೆಗೆ ಕಳುಹಿಸುವುದಿಲ್ಲ. ಮುಂದಿನ ಸುತ್ತಿನಲ್ಲಿ ಅವನಷ್ಟೇ ಅಂಕ ಪಡೆದ ಮತ್ತೊಬ್ಬನೊಡನೆ ಆಡಿಸುತ್ತಾರೆ. ಕೊನೆಯ ಸುತ್ತಿನವರೆಗೂ ಅವನಿಗೊಂದು ಕುರ್ಚಿ ಉಂಟು. ಆದುದರಿಂದ ಮೊದಲ ಸೋಲಿನ ದುಃಖವನ್ನು ಎರಡನೆಯ ಆಟಕ್ಕೆ ಹೊತ್ತೊಯ್ಯದಿರುವುದೇ ಟೂರ್ನಿಯಲ್ಲಿ ಕಲಿಯಬೇಕಾದ ದೊಡ್ಡ ವಿದ್ಯೆ.

ಚೆನ್ನೈನ ಗುಕೇಶ್ ಅವರನ್ನೇ ನೋಡಿ. 2024ರಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್ ಟೂರ್ನಿಯ 7ನೇ ಸುತ್ತಿನಲ್ಲಿ ಸೋತರೂ ಕಡೆಗೆ ಅವರೇ ಅದನ್ನು ಗೆದ್ದರು. ಅದೇ ವರ್ಷ ಸಿಂಗಪುರದಲ್ಲಿ ಡಿಂಗ್ ಲಿರೆನ್ ವಿರುದ್ಧದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಆಟವನ್ನೇ ಸೋತರು. 12ನೇ ಆಟವನ್ನೂ ಸೋತರು. 14ನೇ ಆಟ ಗೆದ್ದು 18ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದಾಗ, ಆನಂದಬಾಷ್ಪದ ನಡುವೆಯೂ ಕಾಯಿಗಳನ್ನು ಮತ್ತೆ ಅವುಗಳ ಮನೆಗಳಲ್ಲಿ ಜೋಡಿಸಿಟ್ಟರು.

ಸಂತ ಪೇತ್ರರೂ ಸೋತವರೇ. ಮೂರು ಬಾರಿ ತಮ್ಮ ಗುರುವನ್ನು ಅರಿಯೆನೆಂದರು. ಬಿಕ್ಕಿ ಬಿಕ್ಕಿ ಅತ್ತರು. ಯೂದನೂ ಬಿದ್ದವನೇ, ಆದರೆ ತನಗಿನ್ನು ಮುಂದಿನ ಸುತ್ತಿಲ್ಲವೆಂದು ಅವನೇ ತೀರ್ಮಾನಿಸಿಬಿಟ್ಟ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಪೇತ್ರರಿಗಾಗಿ ಕೆಂಡದ ಮೇಲೆ ಮೀನು ಇಟ್ಟು ಕಾದಿದ್ದರು. ಮೊದಲು ಊಟ ಬಡಿಸಿದರು. ಆಮೇಲೆ ಕೇಳಿದ್ದು ಪೇತ್ರರ ಪ್ರೀತಿಯನ್ನು ಕುರಿತು, ತಪ್ಪಿನ ಲೆಕ್ಕವನ್ನಲ್ಲ.

ತಂದೆತಾಯಿಯರೇ, ಮಗು ಸೋತು ಹೊರಬಂದಾಗ ನೀವೂ ಹೀಗೆಯೇ ಮಾಡಿ. ಮೊದಲು ಬುತ್ತಿ ಬಿಚ್ಚಿ. "ಊಟ ಮಾಡು ಕಂದಾ, ಇನ್ನೂ ಸುತ್ತುಗಳಿವೆ" ಎನ್ನಿ. ಆಟದ ತಪ್ಪನ್ನು ಮನೆಗೆ ಹೋದ ಮೇಲೆ ನೋಡಿದರಾಯಿತು. ಭಾನುವಾರ ಬೆಳಗ್ಗೆಯೇ ಆಟವಿದ್ದರೆ ಶನಿವಾರ ಸಂಜೆಯ ಬಲಿಪೂಜೆಗೆ ಮನೆಮಂದಿಯೆಲ್ಲ ಹೋಗಿಬನ್ನಿ; ಧರ್ಮಸಭೆ ಅದಕ್ಕೆ ಅವಕಾಶ ಕೊಟ್ಟಿದೆ. ಗೆಲುವಿಗಾಗಿ ಮಾತ್ರ ಬೇಡಿಕೊಳ್ಳಬೇಡಿ, ಎದುರಾಳಿಯ ಮನೆಯವರೂ ಅದನ್ನೇ ಬೇಡುತ್ತಿರಬಹುದು! ಸೋತರೂ ನಗುತ್ತಾ ಎದುರಾಳಿಯ ಕೈಕುಲುಕುವ ಮನಸ್ಸನ್ನು ಬೇಡಿಕೊಳ್ಳಿ.

ಬಿದ್ದವರನ್ನು ಮೇಲಕ್ಕೆತ್ತುವ ಪ್ರಭು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.