ಹೊಳೆಯ ಉದ್ದ

2016ರಲ್ಲಿ ಸಂಸತ್ತು ಕಾಯ್ದೆ ಮಾಡಿ ದೇಶದ ಒಟ್ಟು 111 ಜಲಮಾರ್ಗಗಳಿಗೆ ‘ರಾಷ್ಟ್ರೀಯ’ ಎಂಬ ಪಟ್ಟ ಕಟ್ಟಿತು. ಗಂಗೆ, ಬ್ರಹ್ಮಪುತ್ರೆಯರಿರುವ ಆ ಪಟ್ಟಿಯಲ್ಲಿ 41ನೆಯದು ನಮ್ಮ ಘಟಪ್ರಭೆ, 112 ಕಿಲೋಮೀಟರ್. ಧುಪದಾಳ, ಕೊಣ್ಣೂರಿನ ಕಡೆಯವರಿಗೆ ಈ ಸುದ್ದಿ ಹೇಳಿದರೆ ಹೆಮ್ಮೆಗಿಂತ ಮೊದಲು ನಗು ಬರುತ್ತದೆ. ಏಪ್ರಿಲ್‌ನಲ್ಲಿ ಗೋಕಾಕ ಫಾಲ್ಸಿಗೆ ಹೋದವರು ಕಂಡಿರುತ್ತಾರೆ: ಆಷಾಢದಲ್ಲಿ ಕಿವಿಗಡಚಿಕ್ಕುವಂತೆ ಧುಮುಕುವ ಹೊಳೆ ಆಗ ಬಂಡೆಯ ಒಂದು ಮೂಲೆಯಲ್ಲಿ ನೂಲಿನಂತೆ ಇಳಿಯುತ್ತಿರುತ್ತದೆ. ಕೆಲವು ವರ್ಷ ಆ ನೂಲೂ ಇಲ್ಲ.

ಇಷ್ಟು ಗೊತ್ತಿದ್ದೂ ಒಂದು ಬೇಸಿಗೆಯಲ್ಲಿ ಬೋಟ್ ಪ್ರವಾಸದ ಯೋಜನೆ ಹಾಕಲು ಕುಳಿತೆ. ರಜೆಗೆ ಬಂದ ಮನೆಯ ಹುಡುಗರು ಕೇರಳದ ಹೌಸ್‌ಬೋಟಿನ ಫೋಟೋ ತೋರಿಸಿ, ಅಲ್ಲಿತನಕ ಯಾಕೆ, ನಮ್ಮೂರಲ್ಲೇ ಹೊಳೆ ಇದೆಯಲ್ಲ ಎಂದಿದ್ದರು. ನ್ಯಾಯವಾದ ಮಾತೇ. ಧುಪದಾಳದ ಒಡ್ಡಿನ ಹಿಂದೆ ಬೇಸಿಗೆಯಲ್ಲೂ ನೀರು ನಿಂತಿರುತ್ತದೆ. ನಕ್ಷೆ ತೆರೆದರೆ ನೀಲಿ ಗೆರೆ ಧುಪದಾಳದಿಂದ ಗೋಕಾಕ, ಮುಧೋಳ ಹಾಯ್ದು, ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದವರೆಗೆ ಎಲ್ಲೂ ಕಡಿಯದೆ ಹೋಗಿದೆ. ನಕ್ಷೆ ಬರೆದವರಿಗೆ ಬೇಸಿಗೆ ಎಂಬುದಿಲ್ಲ.

ಹೊರಡುವ ಜಾಗದಿಂದಲೇ ಲೆಕ್ಕ ಶುರುವಾಯಿತು. ಧುಪದಾಳದ ಒಡ್ಡು 1897ರಲ್ಲಿ ಮುಗಿದ ಬ್ರಿಟಿಷರ ಕಾಲದ ಕೆಲಸ. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆ 109 ಕಿಲೋಮೀಟರ್ ಉದ್ದವಿದೆ. ಗೋಕಾಕ, ಮೂಡಲಗಿ ಸೀಮೆಯ ಕಬ್ಬು, ಗೋವಿನಜೋಳ, ಅರಿಷಿಣವೆಲ್ಲ ಅದರ ಋಣದಲ್ಲಿವೆ. ಮೇಲ್ಗಡೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ. ಅದು 2175 ಅಡಿಗೆ ತುಂಬಿದರೆ 51 ಟಿಎಂಸಿ. ಹಿಡಕಲ್ ಕೂಡಿಡುತ್ತದೆ, ಧುಪದಾಳ ಹಂಚುತ್ತದೆ: ಕಾಲುವೆಗೆ ಇಷ್ಟು, ಹೊಳೆಗೆ ಇಷ್ಟು. ಬೇಸಿಗೆಯಲ್ಲಿ ಹೊಳೆಯ ಪಾಲಿಗೆ ಬರುವುದು ಎಷ್ಟು ಎಂಬುದು ಆ ವರ್ಷದ ಮಳೆಯ ಮೇಲೂ ನೀರು ಹಂಚುವ ಸಭೆಗಳ ಮೇಲೂ ನಿಂತದ್ದು.

ಒಡ್ಡಿನಿಂದ ಮೇಲಕ್ಕೆ ಹೋಗುವುದಾದರೆ ಹಿನ್ನೀರಿದೆ, ಹಿರಣ್ಯಕೇಶಿ ಬಂದು ಕೂಡುವ ಜಾಗವಿದೆ. ಅಂಬೋಲಿಯ ಬಳಿ ಹುಟ್ಟಿ, ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ಮುಟ್ಟಿ ಬರುವ ಹೊಳೆ ಅದು. ನಿಧಾನಕ್ಕೆ ಹುಟ್ಟು ಹಾಕುತ್ತ ಹೋಗಲು ಹೇಳಿ ಮಾಡಿಸಿದ ನೀರು. ಆದರೆ ಈ ಹಿನ್ನೀರು 1974ರಿಂದ ಪಕ್ಷಿಧಾಮ. ಚಳಿಗಾಲಕ್ಕೆ ಡೆಮೊಸೆಲ್ ಕ್ರೇನ್‌ಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬಂದಿಳಿಯುತ್ತವೆ. ಅವು ಇರುವಾಗ ಮೋಟಾರು ಬೋಟಿನ ಸದ್ದು ಮಾಡುವುದು ತಪ್ಪು. ಅವು ಹೋದ ಮೇಲೆ ಹೋಗೋಣವೆಂದರೆ ನೀರೂ ಅವುಗಳ ಹಿಂದೆಯೇ ಇಳಿಯತೊಡಗುತ್ತದೆ, ದಂಡೆಯ ಕೆಸರು ಬಿರುಕು ಬಿಡುತ್ತದೆ.

ಒಡ್ಡಿನ ಬಳಿ ಮೀನು ಹಿಡಿಯುವ ಹಿರಿಯರೊಬ್ಬರು ಬಲೆಯ ಗಂಟು ಬಿಡಿಸುತ್ತ ಕುಳಿತಿದ್ದರು. ಅವರ ದೋಣಿ ಎಂದರೆ ಲಾರಿ ಗಾಲಿಯ ಕರಿ ಟ್ಯೂಬು. ಅದರ ಮೇಲೆ ನೈಲಾನ್ ಹಗ್ಗದಿಂದ ಬಿಗಿದ ಒಂದು ಹಲಗೆ, ಹುಟ್ಟಿನ ಬದಲಿಗೆ ಅಂಗೈ ಅಗಲದ ಎರಡು ಕಟ್ಟಿಗೆ ಚೂರು. ಟ್ಯೂಬಿಗೆ ಹಾಕಿದ ಪಂಚರ್ ತೇಪೆಗಳೇ ಒಂದರ ಮೇಲೊಂದು ಕೂತು ದಪ್ಪವಾಗಿದ್ದವು. “ಕಾಕಾ, ಇಲ್ಲಿಂದ ಬೋಟಿನ್ಯಾಗ ಮುಧೋಳತನಕ ಹೋಗಾಕ ಬರತೈತೇನ್ರಿ?” ಎಂದು ಕೇಳಿದೆ. ಅವರು ಬಲೆಯಿಂದ ಕಣ್ಣೆತ್ತಲಿಲ್ಲ. “ಬೋಟ ನೀವು ತರತೀರಿ. ನೀರ ಯಾರ ತರಬೇಕ್ರಿ?”

ನನ್ನ ಯೋಜನೆಗೆ ಸಿಕ್ಕ ಮೊದಲ ತಾಂತ್ರಿಕ ಸಲಹೆ ಅದು. ಸರಿಯಾದದ್ದೂ ಹೌದು.

ಕೆಳಮುಖದ ದಾರಿಯಲ್ಲಿ ಮೊದಲು ಎದುರಾಗುವುದು ಫಾಲ್ಸು. 52 ಮೀಟರ್ ಎತ್ತರದಿಂದ ಬೋಟು ಇಳಿಸುವ ಮಾತಿಲ್ಲ. ಟ್ರಾಲಿಗೆ ಹೇರಿ ಗೋಕಾಕದಾಚೆ ಇಳಿಸಬೇಕು. (ಇದೇ ಫಾಲ್ಸಿನ ನೀರಿನಿಂದ 1887ರಲ್ಲೇ, ಶಿವನಸಮುದ್ರಕ್ಕಿಂತ ಮೊದಲು, ವಿದ್ಯುತ್ ತೆಗೆದರು ಎಂಬುದು ಈ ಭಾಗದವರ ಹೆಮ್ಮೆ. ಈ ಹೊಳೆಯಿಂದ ಬೇಡಿದವರೆಲ್ಲ ಕೆಲಸವನ್ನೇ ಬೇಡಿದ್ದಾರೆ, ವಿಹಾರವನ್ನು ಬೇಡಿದವರು ಕಡಿಮೆ.) ಫಾಲ್ಸಿನಾಚೆ ಮಾರ್ಕಂಡೇಯ ಹೊಳೆ ಬಂದು ಕೂಡುತ್ತದೆ. ಆಮೇಲಿನದು ಬಾಂದಾರಗಳ ಸೀಮೆ.

ಬಾಂದಾರದ ಸಂಗತಿ ಸ್ವಲ್ಪ ನಿಂತು ನೋಡುವಂಥದು. ಕೊಲ್ಹಾಪುರ ಮಾದರಿಯದು ಎನ್ನುತ್ತಾರೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಸಾಲು, ಪ್ರತಿ ಕಂಬದ ಮಗ್ಗುಲಲ್ಲಿ ಎರಡೆರಡು ತೋಡು. ಮಳೆಗಾಲ ಮುಗಿದ ಮೇಲೆ ಆ ತೋಡುಗಳಲ್ಲಿ ಹಲಗೆ ಇಳಿಸುತ್ತಾರೆ, ಎರಡು ಸಾಲು ಹಲಗೆಯ ನಡುವೆ ಮಣ್ಣು ತುಳಿದು ತುಂಬುತ್ತಾರೆ. ಈಗ ಬಹಳ ಕಡೆ ಕಬ್ಬಿಣದ ಗೇಟು ಬಂದಿದೆ. ಮುಂಗಾರು ಬರುವ ಮೊದಲು ಎಲ್ಲ ತೆಗೆದು ದಂಡೆಗೆ ಹಾಕಬೇಕು, ತಡವಾದರೆ ಮಹಾಪೂರವೇ ಕಿತ್ತೊಯ್ಯುತ್ತದೆ. ಅಂದರೆ ಮಳೆಗಾಲದಲ್ಲಿ ಹೊಳೆಯಾಗಿದ್ದದ್ದು ಬೇಸಿಗೆಯಲ್ಲಿ ಒಂದರ ಕೆಳಗೊಂದು ಇಟ್ಟ ಕೆರೆಗಳ ಸಾಲಾಗುತ್ತದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಬೋಟು ದಾಟಿಸುವ ಕಿಂಡಿಯನ್ನು ಯಾರೂ ಇಟ್ಟಿಲ್ಲ. ಇಡುವ ಕಾರಣವೂ ಇರಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಬೇಸಿಗೆಯಲ್ಲಿ ದಂಡೆಯ ಊರುಗಳಿಗೆ ಕುಡಿಯುವ ನೀರು ತೀರಿದಾಗ ಹಿಡಕಲ್‌ನಿಂದ ಹೊಳೆಗೆ ನೀರು ಬಿಡುವುದುಂಟು. ಗೇಟು ಎತ್ತುತ್ತಾರೆ, ಹೊಳೆ ಹರಿಯುತ್ತದೆ. ಆ ನೀರಿನ ಜೊತೆಗೇ ಬೋಟಿನಲ್ಲಿ ಹೋದರೆ? ಲೆಕ್ಕ ಹಾಕಿದೆ. ಒಂದು ಟಿಎಂಸಿ ಬಿಡುತ್ತಾರೆ ಎಂದಿಟ್ಟುಕೊಳ್ಳಿ. 2,000 ಕ್ಯೂಸೆಕ್‌ನಂತೆ ಹರಿದರೆ ಅದು ಆರು ದಿನವೂ ಬಾಳುವುದಿಲ್ಲ. ಆ ದಿನಗಳಲ್ಲಿ ನೀರು ಮೇಲಿನವರ ಹೊಲಕ್ಕೆ ಹೋಗದೆ ಕೆಳಗಿನವರ ಕೊಡಕ್ಕೆ ಮುಟ್ಟಲಿ ಎಂದು ದಂಡೆಯ ಪಂಪಸೆಟ್ಟುಗಳ ಕರೆಂಟು ತೆಗೆಯುವುದೂ ಇದೆ. ಒಣಗುವ ಕಬ್ಬಿನ ಮುಂದೆ ರೈತ ಮೋಟಾರು ಬಂದ್ ಮಾಡಿ ಕುಳಿತಿರುವಾಗ, ಅವನ ಕಣ್ಣೆದುರು ನಾವು ಟೋಪಿ ಹಾಕಿಕೊಂಡು, ಚುರುಮುರಿ ತಿನ್ನುತ್ತ ತೇಲಿ ಹೋಗುವುದು. ಯೋಜನೆಯ ಹಾಳೆಯನ್ನು ಅಲ್ಲಿಗೆ ಮಡಿಚಿಟ್ಟೆ.

ಮಡಿಚಿಟ್ಟ ಮೇಲೂ ಒಂದು ವಿಚಾರ ಬಿಡಲಿಲ್ಲ. ಈ ಹೊಳೆಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ ಎಂದುಕೊಂಡಿದ್ದೇನೆ. ಬಲ್ಲದ್ದು ಏನು? ಗೋಕಾಕದ ಲೋಳಸೂರ ಸೇತುವೆಯ ಮೇಲಿಂದ ಬಸ್ಸಿನ ಕಿಟಕಿಯಲ್ಲಿ ಕಂಡದ್ದು, ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದ್ದು, ಧುಪದಾಳದ ಒಡ್ಡಿನ ಗೋಡೆ. ಎಲ್ಲವೂ ಅಡ್ಡ ದಾಟುವಾಗ ಕಂಡದ್ದೇ. ಬಯಲುಸೀಮೆಯ ನಾವು ಹೊಳೆಯನ್ನು ಯಾವತ್ತೂ ಅಡ್ಡಲಾಗಿಯೇ ಬಲ್ಲವರು. ಈ ದಂಡೆಯ ಹೆಣ್ಣು ಆ ದಂಡೆಗೆ ಸೊಸೆ, ಆ ದಂಡೆಯ ಜಾತ್ರೆಗೆ ಈ ದಂಡೆಯ ಎತ್ತು. ದೋಣಿ ಇದ್ದದ್ದೂ ದಾಟಲಿಕ್ಕೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಕಾಯಕವೂ ದಾಟಿಸುವುದೇ ಆಗಿತ್ತು. ಮಲೆನಾಡಿನಲ್ಲೂ ಬಹಳ ಬೇರೆಯಿಲ್ಲ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚು ಅಷ್ಟು ಹೆಸರಾದದ್ದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಿಸುತ್ತಿದ್ದುದಕ್ಕೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದಕ್ಕೂ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು.

ಉದ್ದಕ್ಕೆ ಹೊಳೆಯನ್ನು ಬಲ್ಲವರು ಇಬ್ಬರೇ. ಒಬ್ಬರು ನೀರಾವರಿ ಇಲಾಖೆಯವರು, ಅವರಿಗೆ ಅದು ಕ್ಯೂಸೆಕ್ಕಿನ ಲೆಕ್ಕ. ಇನ್ನೊಬ್ಬರು ಕೊನೆಯ ಹೊಲದ ರೈತರು. ಟೇಲ್ ಎಂಡಿನವನಿಗೆ ಮೇಲಿನ ಪ್ರತಿ ಗೇಟು, ಪ್ರತಿ ಕಳ್ಳ ಪೈಪು ಬಾಯಿಪಾಠ. ತನ್ನ ನೀರು ಯಾರ ಕೈ ದಾಟಿ ಬರಬೇಕು ಎಂದು ಗೊತ್ತಿರುವವನು ಅವನೊಬ್ಬನೇ. ನಡುವಿನ ನಾವು ನಮ್ಮ ಊರಿನ ಮುಂದಿನ ತುಂಡನ್ನಷ್ಟೇ ಹೊಳೆ ಎಂದು ಕರೆಯುತ್ತೇವೆ. ಮೇಲಿನವರು ಹೊಳೆಗೆ ಬಿಟ್ಟ ಚರಂಡಿಯನ್ನು ಬೈಯುತ್ತೇವೆ, ನಮ್ಮ ಚರಂಡಿ ಹೋಗಿ ಸೇರುವ ಕಡೆಗೆ ನಡೆದು ನೋಡುವುದಿಲ್ಲ. ಬೋಟಿನಲ್ಲಿ ಕೂತವನಿಗೆ ಈ ಅನುಕೂಲ ಇಲ್ಲ. ಪ್ರತಿ ಊರಿನ ಹಿತ್ತಿಲೂ ಅವನಿಗೆ ಎದುರಾಗುತ್ತದೆ. ರಸ್ತೆ ಊರಿನ ಮುಖ ತೋರಿಸಿದರೆ ಹೊಳೆ ಬೆನ್ನು ತೋರಿಸುತ್ತದೆ. ನಡೆಯದ ಪ್ರವಾಸದಿಂದ ನನಗೆ ದಕ್ಕಿದ್ದು ಇಷ್ಟು: ಹೊಳೆಯ ಉದ್ದ ತಿಳಿಯದವನಿಗೆ ತನ್ನ ಪಾಲಿನ ನೀರು ಎಲ್ಲಿ ನಿಂತಿದೆ ಎಂಬುದೂ ತಿಳಿಯುವುದಿಲ್ಲ, ತನ್ನಿಂದ ಯಾರ ಪಾಲು ನಿಂತಿದೆ ಎಂಬುದೂ ತಿಳಿಯುವುದಿಲ್ಲ.

ನಮ್ಮಲ್ಲಿ ಬೋಟು ಹೊಳೆಯುದ್ದಕ್ಕೆ ಓಡಾಡುವ ಕಾಲ ಇಲ್ಲವೇ ಇಲ್ಲ ಎಂದಲ್ಲ. 2019ರ ಆಗಸ್ಟಿನಲ್ಲಿ ಓಡಾಡಿದವು. ಹಿಡಕಲ್‌ನಿಂದ ಬಿಟ್ಟ ನೀರು, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಾಗಿ ಗೋಕಾಕ ಪೇಟೆಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ರಕ್ಷಣಾ ಪಡೆಯ ರಬ್ಬರ್ ಬೋಟುಗಳು ಆ ದಿನಗಳಲ್ಲಿ ಓಣಿಗಳಲ್ಲಿ ತಿರುಗಿದವು. ಸೇತುವೆ 2021ರಲ್ಲಿ ಮತ್ತೆ ಮುಳುಗಿತು, 2024ರಲ್ಲಿ ಮತ್ತೆ. ಈ ಸೀಮೆಯ ಬಹಳ ಮಕ್ಕಳು ಜೀವನದಲ್ಲಿ ಮೊದಲ ಸಲ ಬೋಟು ಹತ್ತಿದ್ದು ಮನೆ ಬಿಟ್ಟು ಓಡುವಾಗ. ಅವರನ್ನು ಬೋಟಿಂಗ್‌ಗೆ ಕರೆದರೆ ಖುಷಿಯಿಂದ ಬಂದಾರು ಎಂದು ಹೇಳಲಾರೆ.

ಬೇಸಿಗೆಯಲ್ಲಿ ಒಳನಾಡಿನ ನೀರಿನ ಮೇಲೆ ವಿಹಾರ ಎಂಬುದೇ ಚಳಿ ದೇಶದವರ ಪದ್ಧತಿ. ಅವರಿಗೆ ಬಿಸಿಲು ಬೀಳುವ ತಿಂಗಳೇ ಹೊರಗೆ ಹೋಗುವ ತಿಂಗಳು. ಫ್ರಾನ್ಸಿನ ದಕ್ಷಿಣದಲ್ಲಿ ಕನಾಲ್ ದ್ಯು ಮಿದಿ ಎಂಬ ಕಾಲುವೆ ಇದೆ, 240 ಕಿಲೋಮೀಟರ್, 1681ರಲ್ಲಿ ತೆರೆದದ್ದು. ಪಿಯೇರ್ ಪಾಲ್ ರಿಕೆ ಎಂಬಾತ ಅದಕ್ಕಾಗಿಯೇ ಸೇಂಟ್ ಫೆರಿಯೋಲ್‌ನಲ್ಲಿ ಜಲಾಶಯ ಕಟ್ಟಿಸಿದ: ಬೆಟ್ಟದ ನೀರು ಕೂಡಿಟ್ಟು, ಬೇಸಿಗೆಯಲ್ಲೂ ಕಾಲುವೆಯಲ್ಲಿ ದೋಣಿ ತೇಲುವಷ್ಟು ಬಿಡುವುದಕ್ಕೆ. ಹಿಡಕಲ್ ಮಾಡುವುದೂ ಇದೇ ಕೆಲಸ, ಕೂಡಿಟ್ಟು ಬಿಡುವುದು. ಅವರು ದೋಣಿಗೆ ಕಟ್ಟಿದರು, ನಾವು ಬೆಳೆಗೆ ಕಟ್ಟಿದೆವು. ಅವರಲ್ಲೂ ಮಳೆ ಕೈಕೊಟ್ಟರೆ ಕಥೆ ನಮ್ಮದೇ. 2022ರ ಆಗಸ್ಟಿನಲ್ಲಿ ರೈನ್ ನದಿಯ ನೀರು ತೀರ ಇಳಿದು, ಸರಕು ಹಡಗುಗಳು ಹೊರೆ ಇಳಿಸಿಕೊಂಡು ಅರ್ಧಂಬರ್ಧ ತುಂಬಿಕೊಂಡು ಸಾಗಿದವು.

ನಮ್ಮಲ್ಲೂ ಈ ಆಸೆ ಹೊಸದಲ್ಲ. ಕಾಲುವೆಗಳಲ್ಲಿ ನೀರಾವರಿಯ ಜೊತೆಗೆ ದೋಣಿಯೂ ಓಡಬೇಕು, ರೈಲಿಗಿಂತ ಅದು ಅಗ್ಗ ಎಂದು ಬ್ರಿಟಿಷ್ ಕಾಲದ ನೀರಾವರಿ ಎಂಜಿನಿಯರ್ ಸರ್ ಆರ್ಥರ್ ಕಾಟನ್ ವಾದಿಸಿದ್ದ. ತುಂಗಭದ್ರೆಯಿಂದ ಹೊರಡುವ ಕರ್ನೂಲು ಕಡಪ ಕಾಲುವೆಯನ್ನು 1860ರ ದಶಕದಲ್ಲಿ ತೋಡುವಾಗ ಎರಡೂ ಉದ್ದೇಶವಿತ್ತು. ಉಳಿದದ್ದು ನೀರಾವರಿ. ಇತ್ತೀಚಿನ ಗಂಗಾ ವಿಲಾಸ್ ಹಡಗನ್ನು ನೋಡಿ: ವಾರಾಣಸಿಯಿಂದ ದಿಬ್ರುಗಢದವರೆಗೆ 51 ದಿನದ ಪ್ರವಾಸ. ಅದು ಹೊರಟದ್ದು 2023ರ ಜನವರಿಯಲ್ಲಿ, ಮೇ ತಿಂಗಳಲ್ಲಲ್ಲ. ಗಂಗೆಯಲ್ಲೇ ತಿಂಗಳು ನೋಡಿ ಹೊರಡುವಾಗ ಘಟಪ್ರಭೆಯ ಪಾಡೇನು?

ಇಲ್ಲಿ ನೀರಿನ ಮೇಲೆ ಹೋಗುವ ಹದವಾದ ಕಾಲ ದಸರೆಯಿಂದ ಸಂಕ್ರಾಂತಿಯವರೆಗೆ. ಮಹಾಪೂರ ಇಳಿದು ಹೊಳೆ ತಿಳಿಯಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಆದರೆ ಅದೇ ಹೊತ್ತಿಗೆ ಬಾಂದಾರಕ್ಕೆ ಹಲಗೆ ಬೀಳುತ್ತವೆ, ಹಕ್ಕಿಗಳು ಬರುತ್ತವೆ, ಹಿಂಗಾರಿಗೆ ಕಾಲುವೆ ಬಿಡುತ್ತಾರೆ. ವರ್ಷದ ಯಾವ ತಿಂಗಳಲ್ಲೂ ಈ ಹೊಳೆ ಬಿಡುವಾಗಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಬಿಡುವಿಲ್ಲದ ಹೊಳೆಯ ಮೇಲೆ ರಾಷ್ಟ್ರೀಯ ಜಲಮಾರ್ಗ ಎಂಬ ಬೋರ್ಡು ಹಾಕುವ ಮೊದಲು ಅದರ ಈಗಿನ ಕೆಲಸದ ಪಟ್ಟಿಯನ್ನು ಓದಬೇಕು ಎನ್ನುತ್ತಿದ್ದೇನೆ.

ಹುಡುಗರಿಗೆ ಬೋಟು ಸಿಗಲಿಲ್ಲ. ಬದಲಿಗೆ ಮೋಟಾರ್‌ಸೈಕಲ್ ಮೇಲೆ ಧುಪದಾಳದಿಂದ ಕೆಳಕ್ಕೆ, ದಂಡೆಯ ಗಾಡಿದಾರಿ ಸಿಕ್ಕಷ್ಟು ದೂರ ಹೋದೆವು. ಒಂದು ಬಾಂದಾರದ ಮೇಲ್ಗಡೆ ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿದ್ದವು, ಕೆಳಗಡೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಡುವೆ ಇದ್ದದ್ದು ಗೇಟಿನ ದಪ್ಪದ ಕಬ್ಬಿಣ. ನಮ್ಮ ಮನೆಯ ಸಣ್ಣವ ಕೇಳಿದ ಪ್ರಶ್ನೆಗೆ ಅಲ್ಲಿ ಸೇರಿದ ಯಾರಿಂದಲೂ ಉತ್ತರ ಬರಲಿಲ್ಲ: ಈ ಗೇಟು ಯಾವಾಗ ತೆಗೆಯುತ್ತಾರೆ, ಯಾರನ್ನು ಕೇಳಿ ತೆಗೆಯುತ್ತಾರೆ?

ಜಲಮಾರ್ಗದ ಕಡತ ಹಿಡಿದವರಿಗೆ ನನ್ನ ಕೋರಿಕೆ ಇದೇ ಪ್ರಶ್ನೆಯಿಂದ ಹುಟ್ಟಿದ್ದು. ಹಿಡಕಲ್‌ನಿಂದ ಚಿಕ್ಕಸಂಗಮದವರೆಗೆ ಪ್ರತಿ ಬಾಂದಾರದಲ್ಲಿ ಇಂದು ಎಷ್ಟು ನೀರಿದೆ, ಮೇಲಿನಿಂದ ಎಷ್ಟು ಬರುತ್ತಿದೆ, ಕೆಳಗೆ ಎಷ್ಟು ಬಿಟ್ಟಿದ್ದಾರೆ ಎಂಬುದನ್ನು ಆ ಊರಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಬರೆಯಿಸಿ. ಸುಣ್ಣ ಬಳಿದ ಗೋಡೆ, ಒಂದು ಕುಂಚ ಸಾಕು, ಖರ್ಚು ಏನೂ ಇಲ್ಲ. ಬೋಟಿನ ಟೆಂಡರು ಆಮೇಲೆ ಕರೆಯಬಹುದು.