ಇಂದಿನ ಧಮ್ಮ ಚಿಂತನೆ: ಆನೆಯ ಹೆಜ್ಜೆ, ಕಿಲೋಮೀಟರ್ ಕಲ್ಲು



ಫಾರ್ವರ್ಡ್ ಸಂದೇಶಗಳ ಮಾತು ಬಂದಾಗಲೆಲ್ಲ ನಾವು ಕಾಲಾಮ ಸುತ್ತವನ್ನೇ ನೆನೆಯುತ್ತೇವೆ. ಇವತ್ತು ಬೇರೊಂದನ್ನು ತೆಗೆದುಕೊಳ್ಳೋಣ. ಮಜ್ಝಿಮ ನಿಕಾಯದ 27ನೆಯದು, ಚೂಳಹತ್ಥಿಪದೋಪಮ ಸುತ್ತ. ಆನೆಯ ಹೆಜ್ಜೆಯ ಹೋಲಿಕೆ ಇರುವ ಚಿಕ್ಕ ಸುತ್ತ ಎಂದು ಹೆಸರಿನ ಅರ್ಥ.

ಪಿಲೋತಿಕ ಎಂಬ ಪರಿವ್ರಾಜಕ ಬುದ್ಧರನ್ನು ಕಂಡು ಹಿಂದಿರುಗುತ್ತಿರುತ್ತಾನೆ. ದಾರಿಯಲ್ಲಿ ಜಾಣುಸ್ಸೋಣಿ ಎಂಬ ಬ್ರಾಹ್ಮಣ ಸಿಗುತ್ತಾನೆ. ಅವರನ್ನು ಇಷ್ಟು ಹೊಗಳುತ್ತೀಯಲ್ಲ, ಏನು ಕಂಡೆ ಎಂದು ಕೇಳುತ್ತಾನೆ. ಕಾಡಿನಲ್ಲಿ ದೊಡ್ಡ ಹೆಜ್ಜೆ ನೋಡಿದವನು ದೊಡ್ಡ ಆನೆ ಇದೆ ಎಂದು ತಿಳಿಯುವ ಹಾಗೆ, ನಾನು ನಾಲ್ಕು ಹೆಜ್ಜೆ ಕಂಡೆ, ಅಷ್ಟರಿಂದ ತಿಳಿದೆ ಎನ್ನುತ್ತಾನೆ ಪಿಲೋತಿಕ. ಈ ಮಾತು ಬುದ್ಧರಿಗೆ ತಲುಪುತ್ತದೆ. ಹೊಗಳಿಕೆ ತಮ್ಮದೇ, ಆದರೂ ಹೋಲಿಕೆ ಪೂರ್ತಿಯಾಗಿಲ್ಲ ಎನ್ನುತ್ತಾರೆ. ಜಾಣನಾದವನು ಹೆಜ್ಜೆ ನೋಡಿದೊಡನೆ ತೀರ್ಮಾನ ಮಾಡುವುದಿಲ್ಲ. ಕುಳ್ಳಗಿದ್ದೂ ದೊಡ್ಡ ಪಾದವಿರುವ ಹೆಣ್ಣಾನೆಗಳು ಉಂಟು. ಅವನು ಮುಂದೆ ಹೋಗುತ್ತಾನೆ. ಎತ್ತರದಲ್ಲಿ ಮೈ ಉಜ್ಜಿದ ಗುರುತು, ದಂತದ ಗೀರು, ಮುರಿದ ಕೊಂಬೆ ನೋಡುತ್ತಾನೆ. ಕೊನೆಗೆ ಮರದ ಬುಡದಲ್ಲೋ ಬಯಲಲ್ಲೋ ಆನೆಯನ್ನೇ ಕಂಡಾಗ, ಇದೇ ಅದು ಎನ್ನುತ್ತಾನೆ. ತನ್ನನ್ನು ಹೊಗಳಿದವನ ಅವಸರವನ್ನೂ ತಿದ್ದುವ ಗುರುಗಳು ಅಪರೂಪ.

ಕೆಲವು ವಾರಗಳ ಹಿಂದೆ ಬೊಮ್ಮಸಂದ್ರದ ನಮ್ಮ ಓದಿನ ಕೂಟ ಮುಗಿಯುವ ಹೊತ್ತಿಗೆ ಐದಾರು ಮೊಬೈಲ್‌ಗಳಿಗೆ ಒಂದೇ ಫೋಟೋ ಬಂತು. ಬಾಬಾಸಾಹೇಬರ ಪುತ್ಥಳಿ. ಎತ್ತಿದ ಕೈಯ ಬೆರಳು ಮುರಿದಿದೆ, ಕೊರಳಿಗೆ ಏನು ಹಾಕಿದ್ದರು ಎಂದು ಇಲ್ಲಿ ಬರೆಯಲಾರೆ. ಕೆಳಗಡೆ, ನಿನ್ನೆ ರಾತ್ರಿ ಹೊಸೂರು ರಸ್ತೆಯಲ್ಲಿ ನಡೆದದ್ದು, ಮಾನ ಇದ್ದವರು ಬನ್ನಿ ಎಂದಿತ್ತು. ಹುಡುಗರು ಆಗಲೇ ಬೈಕ್ ಕೀ ತೆಗೆದಿದ್ದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು, ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ಒಂದು ಎಫ್‌ಐಆರ್ ಬಿದ್ದರೆ ಮರುದಿನ ಗೇಟಿನೊಳಗೆ ಬಿಡುವುದಿಲ್ಲ.

"ಹೊಸೂರು ರಸ್ತೆಯಲ್ಲಿ ಎಲ್ಲಿಗೆ ಹೋಗ್ತೀರಪ್ಪಾ?" ಎಂದೆ. ಸಿಲ್ಕ್ ಬೋರ್ಡ್‌ನಿಂದ ಅತ್ತಿಬೆಲೆಗೆ ಹೆಚ್ಚುಕಡಿಮೆ 25 ಕಿ.ಮೀ. ಯಾರಿಗೂ ಗೊತ್ತಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರದಲ್ಲಿ ಅದನ್ನು ಎಲ್ಲಿ ತೆಗೆದರು ಎಂಬ ಮಾಹಿತಿ ಉಳಿಯುವುದಿಲ್ಲ. ಲ್ಯಾಪ್‌ಟಾಪ್‌ಗೆ ಹಾಕಿ ದೊಡ್ಡದು ಮಾಡಿ, ಪುತ್ಥಳಿ ಬಿಟ್ಟು ಅದರ ಹಿಂದಿನ ರಸ್ತೆ ನೋಡಿ ಎಂದೆ. ಪುತ್ಥಳಿಯನ್ನು ಬಿಟ್ಟು ನೋಡುವುದೇ ಅವರಿಗೆ ಕಷ್ಟವಾಯಿತು.

"ಮೆಟ್ರೋ ಕಂಬ ಇಲ್ಲ ಮಿಸ್," ಎಂದ ಒಬ್ಬ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ರೈಲು ಓಡುತ್ತಿದೆ, ನಮ್ಮ ಊರೇ ಕೊನೆಯ ನಿಲ್ದಾಣ. "ಚಂದಾಪುರದ ಕಡೆ ಆದ್ರೆ? ಅಲ್ಲಿ ಕಂಬ ಎಲ್ಲಿದೆ?" ಎಂದಳು ಔಷಧ ಕಂಪನಿಗೆ ಹೋಗುವ ಹುಡುಗಿ. ಸರಿಯಾದ ಮಾತು. ಆ ಹೆಜ್ಜೆ ಅಲ್ಲಿಗೇ ನಿಂತಿತು.

ಅರ್ಧ ಕಾಣುವ ಅಂಗಡಿ ಬೋರ್ಡನ್ನು ಎಲ್ಲರೂ ಕನ್ನಡ ಎಂದೇ ಓದಿದ್ದರು. ತಲೆಕಟ್ಟು ನೋಡಿ ಎಂದೆ. ನಮ್ಮದು ಅಡ್ಡಗೆರೆ, ತೆಲುಗಿನದು ಮೇಷ್ಟ್ರು ಹಾಕುವ ರೈಟ್ ಮಾರ್ಕಿನ ಹಾಗೆ. ಅದು ತೆಲುಗು. "ಹಾಗಾದ್ರೆ ಆಂಧ್ರ!" ಎಂದ ಇನ್ನೊಬ್ಬ. ಎಲೆಕ್ಟ್ರಾನಿಕ್ ಸಿಟಿಯ ಊಟದ ಹೋಟೆಲುಗಳ ಮೇಲೂ ತೆಲುಗು ಇದೆಯಲ್ಲ? ನಿಂತಿದ್ದ ಆಟೋದ ನಂಬರ್ ಎಪಿ ಎಂದು ಶುರುವಾಗಿತ್ತು. ಹೊಸೂರಿನ ಟಿಎನ್ 70 ಗಾಡಿಗಳು ದಿನವೆಲ್ಲ ನಮ್ಮ ಮನೆಯ ಮುಂದೆಯೇ ಓಡಾಡುತ್ತವೆ. ಇವೆಲ್ಲ ದೊಡ್ಡ ಪಾದದ ಕುಳ್ಳ ಆನೆಗಳು.

ಲಿಪಿ ನೋಡಿ ಊರು ಹಿಡಿಯುವ ಕೆಲಸ ನಮ್ಮ ನಾಡಿಗೆ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಬ್ರಾಹ್ಮಿಯಲ್ಲಿದೆ. ಬರೆದವನು ಚಪಡ. ತಾನು ಲಿಪಿಕಾರ ಎಂದು ಹೇಳುವ ಕೊನೆಯ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಆದ್ದರಿಂದ ಅವನು ಆ ಕಡೆಯಿಂದ ಬಂದವನಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಆ ಲಿಪಿ ಕಲಿತ ಬೇರೆ ಊರಿನವನೂ ಆಗಿರಬಹುದು. ಎರಡು ಸಾವಿರ ವರ್ಷ ದಾಟಿದ ಮೇಲೂ ಅದು ಊಹೆಯಾಗಿಯೇ ಉಳಿದಿದೆ, ಹಾಗೆ ಉಳಿದದ್ದರಿಂದ ಯಾರಿಗೂ ನಷ್ಟವಾಗಿಲ್ಲ.

ಫೋಟೋಗೆ ಬರೋಣ. ಮೂಲೆಯಲ್ಲಿ, ಒಬ್ಬನ ಕಾಲಿನ ಮರೆಯಲ್ಲಿ, ಕಿಲೋಮೀಟರ್ ಕಲ್ಲು ಇತ್ತು. ತಲೆ ಹಸಿರು. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ಹೊಸೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 44. ಸರಿ, ಅಡ್ಡರಸ್ತೆಯ ಕಲ್ಲು ಇರಬಹುದು ಎನ್ನೋಣ. ಆದರೆ ಅದರ ಮೇಲೆ ಊರಿನ ಹೆಸರು ತೆಲುಗಿನಲ್ಲಿತ್ತು. ಅಂಗಡಿಯವರು ಯಾವ ಭಾಷೆಯಲ್ಲಾದರೂ ಬರೆಸಿಕೊಳ್ಳಬಹುದು, ಆಟೋ ಗಡಿ ದಾಟಬಹುದು. ಸರ್ಕಾರ ನೆಟ್ಟ ಕಲ್ಲು ಎಲ್ಲಿಗೂ ಹೋಗುವುದಿಲ್ಲ. ಹಿಂದಿನ ಗೋಡೆಯಲ್ಲಿ ಬಣ್ಣ ಮಾಸದ ಪೋಸ್ಟರ್, ಬಾಹುಬಲಿ ಎರಡನೆಯ ಭಾಗದ್ದು. ಆ ಸಿನಿಮಾ ಬಂದದ್ದು 2017ರ ಏಪ್ರಿಲ್ 28ರಂದು. ನಿನ್ನೆ ರಾತ್ರಿ ಎಂಬ ಮಾತು ಅಲ್ಲಿಗೆ ಬಿತ್ತು.

ಇಷ್ಟಾದರೂ ಆನೆಯನ್ನು ಕಂಡಿರಲಿಲ್ಲ. ತರ್ಕವೊಂದನ್ನೇ ನೆಚ್ಚಬೇಡಿ ಎಂಬುದು ಕಾಲಾಮರಿಗೆ ಹೇಳಿದ ಪಟ್ಟಿಯಲ್ಲೇ ಇದೆ, ಅದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ. ಮುಳಬಾಗಿಲು ಕಡೆ ಪಾಠ ಮಾಡುವ ನನ್ನ ಸಹಪಾಠಿಗೆ ಗಡಿಯಾಚೆ ನೆಂಟರಿದ್ದಾರೆ. ಫೋಟೋ ಕಳಿಸಿದೆ. ಒಂದು ಗಂಟೆಯೊಳಗೆ ಉತ್ತರ ಬಂತು. ಅವರ ಭಾವನ ಪಕ್ಕದ ಊರು. ಅದೇ ಕಲ್ಲು, ಅದೇ ಗೋಡೆ ಈಗ ಹೇಗಿದೆ ಎಂದು ಭಾವ ನಿಂತು ತೆಗೆದ ಫೋಟೋ ಜೊತೆಗೇ ಬಂತು. ಊರಿನ ಹೆಸರು ಇಲ್ಲಿ ಹಾಕುವುದಿಲ್ಲ, ಅದರಿಂದ ಇನ್ನೊಂದು ಫಾರ್ವರ್ಡ್ ಹುಟ್ಟುತ್ತದೆ.

ಇಲ್ಲಿ ಒಂದು ಮಾತು. ಫೋಟೋ ಫೇಕ್ ಅಂತೆ, ಬಿಡಿ ಎಂದು ಕೆಲವರು ಮರುದಿನ ಹಗುರಾಗಿ ಹೇಳಿದರು. ಆ ಮಾತು ನನಗೆ ಮೊದಲಿನದಕ್ಕಿಂತ ಕೆಟ್ಟದ್ದಾಗಿ ಕಂಡಿತು. ಫೋಟೋ ನಿಜ. ಆ ಊರಿನವರು ಅವತ್ತು ಅತ್ತದ್ದು ನಿಜ, ದೂರು ಕೊಟ್ಟದ್ದು ನಿಜ, ಚಂದಾ ಎತ್ತಿ ಹೊಸ ಪುತ್ಥಳಿ ನಿಲ್ಲಿಸಿದ್ದೂ ನಿಜ. ಸುಳ್ಳಾಗಿದ್ದದ್ದು ಕೆಳಗೆ ಬರೆದ ಊರು ಮತ್ತು ದಿನ. ಅವರ ನೋವನ್ನು ಕದ್ದು ನಮ್ಮ ಹುಡುಗರನ್ನು ಬೀದಿಗೆ ಎಳೆಯಲು ಯಾರೋ ಬಳಸಿಕೊಂಡರು. ನಾಳೆ ನಮ್ಮಲ್ಲೇ ಹೀಗೆ ಆದರೆ, ಇದೂ ಹಳೆಯದಿರಬೇಕು ಎಂದು ಜನ ಮಲಗಿಬಿಡಬಾರದಲ್ಲ?

ಮಜ್ಝಿಮ ನಿಕಾಯದ ಸಾಲೇಯ್ಯಕ ಸುತ್ತದಲ್ಲಿ ಸುಳ್ಳಿನ ವಿವರಣೆ ಇದೆ. ಸಭೆಯಲ್ಲಿ ಸಾಕ್ಷಿ ಕೇಳಿದಾಗ ತಿಳಿಯದೆಯೇ ಬೇಕೆಂದು ತಿಳಿದಿದೆ ಎನ್ನುವುದು, ಕಾಣದೆಯೇ ಕಂಡಿದ್ದೇನೆ ಎನ್ನುವುದು ಸುಳ್ಳು. ಸುಳ್ಳು ಹೇಳುವುದಿಲ್ಲ ಎಂಬುದು ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಇದೆ. ಫಾರ್ವರ್ಡ್ ಒತ್ತುವ ಬೆರಳು ಸಾಕ್ಷಿ ಹೇಳುತ್ತಿದೆಯೇ ಎಂಬುದನ್ನು ಭಾನುವಾರ ಚರ್ಚಿಸೋಣ. ನನಗೆ ಹೌದು ಎನಿಸುತ್ತದೆ. ಒಪ್ಪದವರೂ ನಮ್ಮಲ್ಲಿದ್ದಾರೆ.

ಆ ರಾತ್ರಿ ಕೀ ಜೇಬಿಗೆ ಹಾಕಿಕೊಂಡ ಹುಡುಗ ಆ ಫೋಟೋ ಕಳಿಸಿದ್ದ ತನ್ನ ಅತ್ತೆಗೆ ಫೋನ್ ಮಾಡಿದ. "ಅತ್ತೆ, ಅಳಬೇಡ. ಇದು ನಮ್ಮ ರೋಡಲ್ಲ. ಬಲಗಡೆ ಕೆಳಗೆ ಒಂದು ಕಲ್ಲಿದೆ ನೋಡು, ತಲೆ ಯಾವ ಬಣ್ಣ ಹೇಳು." ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕನ್ನಡಕ ಹುಡುಕುತ್ತಿದ್ದರಂತೆ.

ಭಾನುವಾರ ಬೆಳಿಗ್ಗೆ 10ಕ್ಕೆ ವಂದನೆ, ನಂತರ ಚರ್ಚೆ. ಭವತು ಸಬ್ಬ ಮಂಗಲಂ. ಜೈ ಭೀಮ್.